ಗಿಡ್ಡ ಹೂಂ, ಉದ್ದ ಹೂಂ

ಆವತ್ತು ನಾನು ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. "ತಪ್ಪು ನಮ್ಮಕ್ಕನದಲ್ಲ, ಗೇರ್ ಎಳೆ ಅಂತ ಸನ್ನೆ ಕೊಟ್ಟವನು ನಾನೇ" ಅನ್ನುವಷ್ಟು ಮಾತು. ಬಸ್‌ಸ್ಟ್ಯಾಂಡಿನಲ್ಲಿ ಗಿರಾಕಿ ಕೂಗಲು ಇದಕ್ಕಿಂತ ಹೆಚ್ಚು ಉಸಿರು ಖರ್ಚು ಮಾಡಿದ್ದೇನೆ. ಅದನ್ನು ಹೇಳುವ ಬದಲು "ಹೂಂ" ಅಂದುಬಿಟ್ಟೆ. ಆ ಒಂದು ಹೂಂನಿಂದ ನಮ್ಮಕ್ಕ ಜಯಮ್ಮನಿಗೆ ಸಿಗಬೇಕಿದ್ದ ಕೆಲಸ ಹೋಯಿತು. ಅವಳು ಸ್ಟೇರಿಂಗ್ ಮುಟ್ಟುವುದನ್ನು ಬಿಟ್ಟಳು. ನನ್ನ ಕಾರಿನಲ್ಲಿ ಮುಂದಿನ ಸೀಟಿಗೆ ಕೂರುವುದನ್ನೂ ಬಿಟ್ಟಳು.

ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಈ ಚಳಿಗಾಲದಲ್ಲಿ ಹುರುಳಿಯ ವಾಸನೆಗೆ ಎದ್ದು ಕೂತಿತು. ತುಮಕೂರಿನವರೊಬ್ಬರು ಹೊಸ ಕಾರು ತಗೊಂಡು, ಯಡಿಯೂರಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಬೇಕು, ಗಾಡಿ ನೀವೇ ಓಡಿಸಿ ಎಂದು ನನ್ನನ್ನು ಕರೆದಿದ್ದರು. ಅದು ಕ್ಲಚ್ ಇಲ್ಲದ, ಗೇರ್ ತಾನೇ ಬದಲಾಗುವ ಕಾರು. ಎಡಗಾಲಿಗೂ ಎಡಗೈಗೂ ಕೆಲಸವೇ ಇಲ್ಲ. ಹೆಬ್ಬೂರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರವಿದ್ದರು. ಗಾಡಿಗಳು ಓಡಾಡಿ ಕಾಯಿ ಒಡೆದು ಕಾಳು ಉದುರಲಿ ಎಂದು ನಮ್ಮ ಕಡೆ ಟಾರು ರೋಡನ್ನೇ ಕಣ ಮಾಡಿಕೊಳ್ಳುತ್ತಾರೆ. ಟೈರಿನ ಕೆಳಗೆ ಚಟಚಟ ಅಂದಿತು. ಒಣಸೊಪ್ಪು ಅರೆದ ವಾಸನೆ ಧೂಳಿನ ಜೊತೆ ಒಳಗೆ ಬಂತು. ಮುಂದೆ ಹಂಪ್ ಕಾಣಿಸಿತು. ನನಗೇ ಗೊತ್ತಿಲ್ಲದೆ ಬಾಯಿ "ಹೂಂ" ಅಂದಿತು.

ಪಕ್ಕದಲ್ಲಿದ್ದ ಕಾರಿನ ಯಜಮಾನರು, "ಏನಾದ್ರೂ ಅಂದ್ರಾ?" ಎಂದು ಕೇಳಿದರು.

"ಏನಿಲ್ಲ ಸಾರ್."

ಏನಿಲ್ಲ ಅಂದೆನಲ್ಲ, ಯಡಿಯೂರು ಮುಟ್ಟುವವರೆಗೆ ಹಂಪ್ ಬಂದಾಗಲೆಲ್ಲ ತುಟಿ ಬಿಗಿದು ಹಿಡಿದೆ.

ನಮ್ಮದು ಗುಬ್ಬಿ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಲಾರಿ ಕ್ಲೀನರ್ ಆಗಿದ್ದು ಡ್ರೈವರ್ ಆದೆ, ಆಮೇಲೆ ಹಳೆಯದೊಂದು ಕಾರು ತಗೊಂಡು ಬಾಡಿಗೆಗೆ ಬಿಟ್ಟೆ. ಅಕ್ಕ ಗಂಡನ ಮನೆಯಲ್ಲಿ ಬಾಳಲಾಗದೆ ವಾಪಸು ಬಂದು ತುಮಕೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅವ್ವ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಚಿಕ್ಕವನಿದ್ದಾಗ ಅವ್ವ ಕೂಲಿಯಿಂದ ಬರುವುದು ತಡವಾದರೆ ನನ್ನನ್ನು ಮಲಗಿಸುತ್ತಿದ್ದವಳು ಅವಳೇ. ಕತೆ ಹೇಳುತ್ತಿದ್ದಳು. ನಾನು ಒಂದೊಂದು ಮಾತಿಗೂ ಹೂಂ ಅನ್ನಬೇಕು. "ಹೂಂ ಅನ್ಲಾ, ಇಲ್ದಿದ್ರೆ ಕತೆ ನಿಲ್ಸುಬುಡ್ತೀನಿ" ಅನ್ನುವಳು. ಹೂಂ ನಿಂತಾಗ ನಾನು ಮಲಗಿದೆ ಎಂದು ತಿಳಿದು ಕಂಬಳಿ ಹೊದಿಸುವಳು.

ಇದು ಕೆಲವು ವರ್ಷದ ಹಿಂದಿನ ಮಾತು. ಆ ವರ್ಷ ದೀಪಾವಳಿ ಕಳೆದ ಮೇಲೆ, ಒಂದು ಮದುವೆ ಮನೆಯ ಲಗೇಜನ್ನು ಕಾರಿನ ಮೇಲಿನ ಕ್ಯಾರಿಯರ್‌ಗೆ ಕಟ್ಟುತ್ತಾ ಜಾರಿ ಬಿದ್ದೆ. ಎಡಗೈ ಕೆಳಗೆ ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ಒಣಗಿದ ತೆಂಗಿನ ಗರಿ ಮುರಿದ ಹಾಗೆ. ಮೊಣಕೈ ದಾಟುವವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು, "ಸ್ಟೇರಿಂಗ್ ಕಡೆ ತಿರುಗಿಯೂ ನೋಡಬೇಡ" ಅಂದರು.

ತಿರುಗಿ ನೋಡದೆ ಹೇಗಿರುವುದು? ಬೇರೆ ಡ್ರೈವರ್‌ನ ಕೈಗೆ ಗಾಡಿ ಕೊಟ್ಟರೆ ಗಿರಾಕಿಗಳು ಅವನ ಹಿಂದೆಯೇ ಹೋಗುತ್ತಾರೆ. ನನಗೆ ಕಾಯಂ ಗಿರಾಕಿ ಅಂತ ಇದ್ದವರು ಗಿರಿಜಮ್ಮನವರು ಒಬ್ಬರೇ. ಪೇಟೆ ಬೀದಿಯ ದೊಡ್ಡ ಮನೆಯ ಹಿರಿಯರು, ನಾವೆಲ್ಲ ಅಮ್ಮೋರು ಅನ್ನುತ್ತಿದ್ದೆವು. ಕಣ್ಣು ತೋರಿಸಲು ತುಮಕೂರಿಗೆ, ಸೋಮವಾರ ತಪ್ಪಿದರೂ ತಪ್ಪದ ಹಾಗೆ ಯಡಿಯೂರಿಗೆ. ಅವರನ್ನು ಕಳೆದುಕೊಂಡರೆ ಗಾಡಿ ಮಾರಬೇಕಾದೀತು ಅಂತ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ.

ಅಕ್ಕ ಬಂದು ಕಾಫಿ ಲೋಟ ಇಟ್ಟಳು. "ನಿಂಗೆ ಮುರ್ದಿರೋದು ಒಂದ್ ಕೈ ತಾನೆ? ಅದು ಏನ್ ಕೆಲ್ಸ ಮಾಡ್ತಿತ್ತು?"

"ಗೇರ್ ಹಾಕ್ತಿತ್ತು."

"ಅದನ್ನ ನಾನ್ ಹಾಕ್ತೀನಿ ಬುಡು. ಪಕ್ಕದಲ್ಲಿ ಕೂತ್ಕಂಡ್ರೆ ಅದು ನನ್ ಬಲಗೈಗೇ ಸಿಗ್ತೈತಲ್ಲ."

ನಗೆ ಬಂತು. ಅವಳು ನಗಲಿಲ್ಲ. ಒಳಗೆ ಹೋಗಿ ಮುದ್ದೆ ತಿರುವುವ ಕೋಲು ತಂದು, ಎರಡೂ ಮಂಡಿಯ ನಡುವೆ ಹಿಡಿದುಕೊಂಡು, "ಒಂದು ಎಲ್ಲೈತೆ, ಎರಡು ಎಲ್ಲೈತೆ ತೋರ್ಸು" ಅಂದಳು. ಆ ವಾರವೆಲ್ಲ ನಮ್ಮ ಅಡುಗೆಮನೆಯಲ್ಲಿ ಇದೇ ಪಾಠ. ಒಲೆ ಮುಂದೆ ಕೂತು ಕೋಲನ್ನು ಮುಂದಕ್ಕೆ ತಳ್ಳುವಳು, ಹಿಂದಕ್ಕೆ ಎಳೆಯುವಳು. "ಮೂರ್ನೇ ಗೇರಲ್ಲಿ ತಿರ್‍ವುದ್ರೆ ಮುದ್ದೆ ಗಂಟಾಗ್ತದೆ ಕಣೋ" ಎಂದು ಒಂದು ದಿನ ತಾನೇ ನಕ್ಕಳು. ಗಾರ್ಮೆಂಟ್ಸ್ ಬಿಟ್ಟಳು. ಬಿಡಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ಮಾಡಿದ್ದು ತಪ್ಪೇ. ಪ್ಲಾಸ್ಟರ್ ಕೈಯನ್ನು ತೊಡೆ ಮೇಲೆ ಮಡಗಿಕೊಂಡು, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮೇಲೆ ಟವೆಲ್ ಹೊದ್ದು ಪೊಲೀಸರ ಕಣ್ಣು ತಪ್ಪಿಸಿ ಓಡಿಸಿದೆ. ಯಾರೂ ಹಾಗೆ ಮಾಡಬಾರದು. ಆದರೆ ಒಂದು ಮಾತು ನಿಜ, ನಮ್ಮ ಕಾರು ಆಗ ಓಡಿದಷ್ಟು ನಯವಾಗಿ ಮುಂಚೆ ಓಡಿರಲಿಲ್ಲ. ನಾನು ಕ್ಲಚ್ ತುಳಿದು "ಹೂಂ" ಅನ್ನುವುದು, ಅವಳು ಗೇರ್ ಹಾಕುವುದು. ಯಾವ ಗೇರ್ ಎಂದು ಹೇಳುವುದೇ ಬೇಕಾಗಲಿಲ್ಲ. ಇಂಜಿನ್ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು. "ಮಿಷಿನ್ ಹೊಲ್ದೋಳು ನಾನು. ಮೋಟ್ರು ಯಾವಾಗ ಗೋಳಾಡ್ತದೆ ಅಂತ ಗೊತ್ತಾಗಲ್ವಾ?" ಅನ್ನುವಳು.

ಒಂದೇ ತೊಡಕಿತ್ತು. ಅಮ್ಮೋರಿಗೆ ಕಾರು ಹತ್ತಿದರೆ ಮಾತು ಬೇಕು, ಆ ಮಾತಿಗೆ ಹೂಂ ಬೇಕು. ಅವರ ಯಜಮಾನರು ಕಡಬದ ಕೆರೆಯಲ್ಲಿ ಚಪ್ಪಲಿ ಕಳಕೊಂಡದ್ದು, ಸೊಸೆ ಮಾಡಿದ ಚಿತ್ರಾನ್ನಕ್ಕೆ ಉಪ್ಪೇ ಇಲ್ಲದ್ದು, ಎಲ್ಲಕ್ಕೂ. ಕಿವಿ ಬೇರೆ ಮಂದ. "ಏನಪ್ಪಾ, ಕೇಳುಸ್ಕಂತಿದೀಯೋ ನಿದ್ದೆ ಮಾಡ್ತಿದೀಯೋ? ಹೂಂ ಅನ್ನು!" ಎಂದು ಹಿಂದಿನಿಂದ ಸೀಟು ತಟ್ಟುವರು. ಮೊದಲ ದಿನವೇ ಅಕ್ಕ ಒಂದು ಕಟ್ಟಳೆ ಮಾಡಿದಳು. "ಗೇರಿಗೆ ಗಿಡ್ಡ ಹೂಂ. ಅಮ್ಮೋರಿಗೆ ಉದ್ದ ಹೂಂ. ಮರೀಬ್ಯಾಡ." ಅಮ್ಮೋರಿಗೆ "ಹೂಂಂಂ" ಎಂದು ಎಳೆಯುತ್ತಿದ್ದೆ. ಅಕ್ಕನಿಗೆ ಮೂಗಿನೊಳಗೇ ಚುಟುಕಾಗಿ "ಹೂಂ". ಒಂದು ದಿನವೂ ತಪ್ಪಲಿಲ್ಲ. ಹೆಬ್ಬೂರಿನ ಸಂತೆಯ ಗಲಾಟೆಯಲ್ಲೂ ಅವಳಿಗೆ ಗಿಡ್ಡ ಹೂಂ ಕೇಳುತ್ತಿತ್ತು.

ಅಮ್ಮೋರಿಗೆ ಅವಳೆಂದರೆ ಇಷ್ಟವಾಯಿತು. ಅವರ ಮನೆಯ ಹಿಂದೆ ಶೆಡ್ಡಿನಲ್ಲಿ, ತೀರಿಕೊಂಡ ಯಜಮಾನರ ಕಾರು ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು. ಮಗ ಶೇಖರಣ್ಣನಿಗೆ ಅಂಗಡಿ ಬಿಟ್ಟು ಬರಲಾಗದು. "ನೀನು ಲೈಸೆನ್ಸ್ ಮಾಡುಸ್ಕೋ ಜಯಾ. ನಮ್ ಕಾರಿಗೆ ನೀನೇ ಡ್ರೈವರು. ಗಂಡಸ್ರ ಜೊತೆ ಹೋದ್ರೆ ಬಾತ್‌ರೂಮ್ ಬಂದ್ರೂ ಬಾಯ್ಬುಟ್ಟು ಹೇಳಂಗಿಲ್ಲ ಕಣವ್ವಾ" ಅಂದರು. ಅಕ್ಕ ಕಲಿಯುವವರಿಗೆ ಕೊಡುವ ಲೈಸೆನ್ಸು, ಎಲ್‌ಎಲ್‌ಆರ್, ಮಾಡಿಸಿಕೊಂಡಳು. ಫೋಟೋದಲ್ಲಿ ಕಣ್ಣು ಅಗಲ ಮಾಡಿ ಕೂತಿದ್ದಳು.

ಬೆಳಗಿನ ಹೊತ್ತು ಊರಾಚೆ, ಕಲ್ಲು ನೆಟ್ಟ ಸೈಟುಗಳಷ್ಟೇ ಇದ್ದ ಲೇಔಟ್‌ನಲ್ಲಿ ಅವಳಿಗೆ ಕಲಿಸಿದೆ. ಆಗ ಅವಳು ಬಲಗಡೆ, ನಾನು ಎಡಗಡೆ. ಎರಡು ಸಲ ಇಂಜಿನ್ ಆಫ್ ಮಾಡಿದಳು, ಅಷ್ಟೇ. ಮೂರನೇ ಸಲ ಗಾಡಿ ಎಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ಚಳಿಗೆ ಗಾಜಿನ ಮೇಲೆ ಮಂಜು ಕಟ್ಟಿತ್ತು, ಅವಳು ವೇಲಿನಿಂದ ಒರೆಸಿ, "ಸಿದ್ದಾ, ನಾನ್ ಓಡುಸ್ತಿದೀನಿ ಕಣೋ!" ಎಂದು ಕೂಗಿದಳು. ಮೊದಲು ನನಗೂ ಖುಷಿಯೇ ಆಯಿತು. ಆಮೇಲೆ ಎದೆಯೊಳಗೆ ಏನೋ ಹುಳಿಯಾಯಿತು. ಲಾರಿಯಲ್ಲಿ ಏಟು ತಿಂದು ವರ್ಷಗಟ್ಟಲೆ ಕಲಿತ ಕೆಲಸವನ್ನು ಇವಳು ಮುದ್ದೆ ಕೋಲು ಹಿಡಿದು ಕಲಿತಳಲ್ಲ ಅನಿಸಿತು. ಅಮ್ಮೋರ ಕಾರಿಗೆ ಅವಳು ಡ್ರೈವರಾದರೆ ಅಮ್ಮೋರು ನನ್ನ ಗಾಡಿ ಹತ್ತುವುದಿಲ್ಲ ಅನ್ನುವುದೂ ಹೊಳೆಯಿತು. ನನ್ನ ಗಿರಾಕಿಯನ್ನು ಉಳಿಸಲು ಬಂದವಳೇ ಅವರನ್ನು ಕರೆದುಕೊಂಡು ಹೋಗುತ್ತಾಳೆ ಎಂದು ಲೆಕ್ಕ ಹಾಕಿದ ತಲೆ ನನ್ನದು.

ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಬಂದ ಕೈ ನನ್ನದಲ್ಲದ ಹಾಗೆ ಸಣಕಲಾಗಿ, ಬೆಳ್ಳಗೆ, ಸಿಪ್ಪೆ ಎದ್ದಿತ್ತು. ಹಿಡಿತವಿರಲಿಲ್ಲ, ಕಾಫಿ ಲೋಟ ಎತ್ತಿದರೂ ನಡುಗುತ್ತಿತ್ತು. ಹಾಗಾಗಿ ಗೇರ್ ಇನ್ನೂ ಅಕ್ಕನದೇ.

ಸಂಕ್ರಾಂತಿಗೆ ಮುಂಚಿನ ಸೋಮವಾರ. ಅಕ್ಕನ ಲೈಸೆನ್ಸ್ ಟೆಸ್ಟು ಆ ವಾರದಲ್ಲೇ ಇತ್ತು. ಯಡಿಯೂರಿಗೆ ಹೊರಟಿದ್ದೆವು. ಹೆಬ್ಬೂರು ದಾಟಿ ಕುಣಿಗಲ್ ಕಡೆ ಹೋಗುವಾಗ ರಸ್ತೆ ಮೇಲೆ ಹುರುಳಿ ಹರವಿದ್ದರು. ದೂರದಲ್ಲಿ ಒಂದು ಹಂಪ್, ಪಕ್ಕಕ್ಕೆ ಹುಣಸೇಮರ. ಅಲ್ಲಿ ಮೂರರಿಂದ ಎರಡಕ್ಕೆ ಬರುವುದು ನಮ್ಮ ರೂಢಿ. ಅಕ್ಕನ ಕೈ ಗೇರಿನ ಮೇಲಿತ್ತು. ಅವಳ ಕಣ್ಣು ಹಂಪಿನ ಮೇಲೆ, ಕಿವಿ ನನ್ನ ಮೇಲೆ.

ಹಿಂದಿನಿಂದ ಅಮ್ಮೋರು ಶುರು ಮಾಡಿದರು. "ಏನ್ ಸಿದ್ದೇಶಾ, ಟೆಸ್ಟ್ ಪಾಸಾದ್ರೆ ನಿಮ್ಮಕ್ಕನ್ನ ನಮ್ಮನೆ ಕೆಲಸಕ್ಕೆ ಕಳುಸ್ತೀಯ ತಾನೆ? ನಿನ್ಗಿಂತ ನೀಟಾಗಿ ಓಡುಸ್ತಾಳಂತೆ. ಆಮೇಲೆ ಇಲ್ಲ ಅನ್ಬ್ಯಾಡ. ಹೂಂ ಅನ್ನು."

ಉದ್ದ ಹೂಂ ಅನ್ನಬೇಕಾದ ಜಾಗ ಅದು. ಮನಸ್ಸಿರಲಿಲ್ಲ. ಇಲ್ಲ ಅನ್ನುವ ಧೈರ್ಯವೂ ಇರಲಿಲ್ಲ. ಹಲ್ಲು ಕಚ್ಚಿಕೊಂಡು, ಮೂಗಿನಲ್ಲಿ, ಚುಟುಕಾಗಿ "ಹೂಂ" ಅಂದೆ. ಅಮ್ಮೋರಿಗೆ ಅದು ಕೇಳಿಸಲೇ ಇಲ್ಲ. ಅಕ್ಕನಿಗೆ ಕೇಳಿಸಿತು.

ಅವಳು ಗೇರ್ ಎಳೆದಳು. ನಾನು ಕ್ಲಚ್ ತುಳಿದಿರಲಿಲ್ಲ. ಕರ್ರೆಂದು ಹಲ್ಲು ಕಡಿದ ಸದ್ದು ಬಂತು. ಗೇರ್ ಸಿಕ್ಕಿಕೊಂಡಿದೆ ಎಂದುಕೊಂಡು ಅವಳು ಎರಡೂ ಕೈ ಹಾಕಿದಳು. ನನ್ನ ಎಡಗೈ, ಇನ್ನೂ ಸರಿಹೋಗದ ಕೈ, ಹಳೇ ಅಭ್ಯಾಸಕ್ಕೆ ಅಲ್ಲಿಗೇ ಹಾರಿತು. ನೋವು ಭುಜದವರೆಗೆ ಹೊಡೆದು ನಾನು ಒಂದು ಕಡೆಗೆ ವಾಲಿದೆ, ನನ್ನ ಜೊತೆ ಸ್ಟೇರಿಂಗೂ ವಾಲಿತು. ಬ್ರೇಕ್ ತುಳಿದರೆ ಹುರುಳಿ ಸೊಪ್ಪಿನ ಮೇಲೆ ಚಕ್ರ ಸೋಪಿನ ಮೇಲೆ ಹೋದ ಹಾಗೆ ಹೋಯಿತು. ಹುಣಸೇಮರಕ್ಕೆ ಕಾರಿನ ಎಡಮೂತಿ ಗುದ್ದಿ ನಿಂತಿತು. ಅಕ್ಕ ಕೂತಿದ್ದ ಕಡೆ.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಅಮ್ಮೋರ ಹುಬ್ಬಿನ ಮೇಲೆ ಒಡೆದು ರಕ್ತ ಇಳಿಯುತ್ತಿತ್ತು. ಅಕ್ಕ ಏಟಾದ ಮಂಡಿ ಎಳೆದುಕೊಂಡು ಹೋಗಿ ವೇಲನ್ನು ಮಡಿಸಿ ಒತ್ತಿ ಹಿಡಿದಳು. ಹುರುಳಿ ಹರವಿದ್ದ ರೈತರು ಓಡಿಬಂದು ಆಟೋ ಹತ್ತಿಸಿ ಕುಣಿಗಲ್‌ಗೆ ಕಳುಹಿಸಿದರು.

ಹೊಲಿಗೆ ಹಾಕಿ ಮುಗಿಯುವ ಹೊತ್ತಿಗೆ ಶೇಖರಣ್ಣ ಬಂದರು. ಅಮ್ಮೋರು ನಡುಗುವ ದನಿಯಲ್ಲಿ, "ಜಯ ಎರಡೂ ಕೈಯಲ್ಲಿ ಗೇರ್ ಎಳುದ್ಲು ಕಣೋ, ಕಣ್ಣಾರೆ ಕಂಡೆ" ಅಂದರು. ಅವರು ಸುಳ್ಳು ಹೇಳಲಿಲ್ಲ. ಕಂಡದ್ದನ್ನು ಹೇಳಿದರು. ಕೇಳಿಸದ್ದನ್ನು ಅವರು ಹೇಗೆ ಹೇಳಬೇಕು?

ಶೇಖರಣ್ಣ ನನ್ನ ಕಡೆ ತಿರುಗಿದರು. "ನೀನ್ ಹೇಳ್ದಿದ್ರೂ ಅವ್ಳಾಗವ್ಳೇ ಎಳುದ್ಲೇನೋ?"

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನಿದ್ದೇನಲ್ಲ, ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ಕತೆ ನಿಲ್ಲಿಸಿ ನನ್ನ ಹೂಂಗೆ ಕಾಯುತ್ತಿದ್ದ ಮುಖವೇ ಅದು.

ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. "ಹೂಂ" ಅಂದೆ.

"ಮುರುಕ್ಲು ಕೈ ಇಟ್ಕಂಡು ಓಡ್ಸಿದ್ದು ನಿನ್ ತಪ್ಪು. ಆ ಹೆಂಗ್ಸಿನ್ ಕೈಗೆ ಗೇರ್ ಕೊಟ್ಟಿದ್ದು ಅದ್ಕಿಂತ ದೊಡ್ಡ ತಪ್ಪು" ಅಂದರು ಶೇಖರಣ್ಣ. ಆಮೇಲೆ ನನ್ನ ಭುಜ ತಟ್ಟಿ, "ಹೋಗ್ಲಿ, ಕೈ ಸರಿಹೋದ್ಮೇಲೆ ಬಾ. ಅವ್ಳನ್ನ ಮಾತ್ರ ಕರ್ಕಂಬರ್‌ಬ್ಯಾಡ" ಅಂದರು. ಅಕ್ಕನ ವೇಲು ಅವರ ತಾಯಿಯ ರಕ್ತದಲ್ಲಿ ನೆನೆದು ಕುರ್ಚಿಯ ಮೇಲೆ ಬಿದ್ದಿತ್ತು.

ನಾನೂ ಅಕ್ಕನೂ ತುಮಕೂರಿನವರೆಗೆ ಬಸ್ಸಿನಲ್ಲಿ ಬಂದೆವು. ಕುಣಿಗಲ್ ಕೆರೆ ಕಿಟಕಿಯಲ್ಲಿ ಉದ್ದಕ್ಕೂ ಬಂತು, ಅವಳು ಅದನ್ನೇ ನೋಡುತ್ತಿದ್ದಳು. ಕೆರೆ ಮುಗಿದ ಮೇಲೆ ಕೇಳಿದಳು.

"ನೀನ್ ಹೂಂ ಅಂದೆ ತಾನೆ?"

"ಅದು ಅಮ್ಮೋರ್ಗೆ ಅಂದಿದ್ದು."

"ಗಿಡ್ಡ ಹೂಂ ಅಂದೆ. ನಂಗೇನ್ ಅಮ್ಮೋರ್ ಥರ ಕಿವಿ ಮಂದಾನಾ?"

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ಅದು ಬಾಯ್ತಪ್ಪಿ ಬಂತು, ಬುಡು. ಬಾಯಿ ಎಲ್ರಿಗೂ ತಪ್ತದೆ. ಆಸ್ಪತ್ರೇಲಿ ಅಂದ್ಯಲ್ಲ, ಅದು ಯಾರ್ಗೆ ಅಂದಿದ್ದು?"

ಬಸ್ಸು ತುಂಬಿತ್ತು. ಯಾರೋ ಮೊಬೈಲಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಅವಳು ಮತ್ತೆ ಕಿಟಕಿ ಕಡೆ ತಿರುಗಿ ಹೇಳಿದಳು. "ನೀನ್ ಹೂಂ ಅಂದ್ರೆ ನಾನು ರೋಡೂ ನೋಡ್ತಿರ್‌ಲಿಲ್ಲ ಕಣೋ."

ಟೆಸ್ಟಿಗೆ ಅವಳು ಹೋಗಲಿಲ್ಲ. ಗುಬ್ಬಿಯಲ್ಲಿ ಮಾತು ಬೇಗ ಓಡುತ್ತದೆ. ಅಂಗಡಿಗೆ ಹೋದರೆ, "ಏನ್ ಜಯಕ್ಕ, ಇವತ್ ಎಷ್ಟ್ ಮರ ಉಳುದ್ವು?" ಎಂದು ಕೇಳುವವರಿದ್ದರು. ಅವಳು ತಿರುಗಿ ಬೈಯಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ಮತ್ತೆ ಗಾರ್ಮೆಂಟ್ಸ್‌ಗೆ ಸೇರಿದಳು. ಅನ್ನ ಇಕ್ಕುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟುತ್ತಿದ್ದಳು. ಆದರೆ ನಾನು ಏನು ಹೇಳಿದರೂ ಅವಳ ಬಾಯಿಂದ ಹೂಂ ಬರುವುದು ನಿಂತುಹೋಯಿತು. ಊಟದ ಹೊತ್ತಿನಲ್ಲಿ ನಾನು ದಿನದ ಕತೆ ಹೇಳುವೆ, ಅವಳು ತಟ್ಟೆ ನೋಡುವಳು. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾಯುವವನ ಹಾಗೆ ಕಾಯುತ್ತಿದ್ದೆ. ಕಾರು ಹತ್ತಬೇಕಾಗಿ ಬಂದರೆ ಹಿಂದಿನ ಬಾಗಿಲು ತೆಗೆಯುವಳು. ಎಷ್ಟೋ ಹೊಸ ಗಿರಾಕಿಗಳು ಅವಳನ್ನೂ ಒಬ್ಬ ಗಿರಾಕಿಯೆಂದು ತಿಳಿದಿದ್ದಾರೆ. ಗಾಡಿ ರಿಪೇರಿಯಾಗಿ ಕೈ ಸರಿಹೋದ ಮೇಲೆ ನಾನು ಅಮ್ಮೋರನ್ನು ಯಡಿಯೂರಿಗೆ ಕರೆದೊಯ್ಯುತ್ತಲೇ ಇದ್ದೆ. ಅವರಿಗೆ ಓಡಾಡಲು ಆಗದ ಹಾಗಾಗುವವರೆಗೂ, ಹುಣಸೇಮರದ ಮುಂದೆಯೇ, ಉದ್ದ ಹೂಂ ಅನ್ನುತ್ತಾ.

ಈ ಚಳಿಗಾಲ ತುಮಕೂರಿನವರ ಹೊಸ ಕಾರಿನ ಪೂಜೆ ಮುಗಿಸಿ ಬಂದ ಆ ಸಂಜೆ ಅಕ್ಕ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಬಾಗಿಲಲ್ಲೇ ನಿಂತು, "ಅಕ್ಕಾ, ಆವತ್ತು ಗಿಡ್ಡ ಹೂಂ ಅಂದೋನು ನಾನೇ. ಗೊತ್ತಿದ್ದೂ ಸುಳ್ಳು ಹೇಳ್ದೆ" ಅಂದೆ.

ಅವಳು ಕೋಲು ನಿಲ್ಲಿಸಲಿಲ್ಲ. "ನಂಗ್ಯಾಕೆ ಹೇಳ್ತೀಯ? ನಾನು ಅಲ್ಲೇ ಇದ್ದೆ. ಗೊತ್ತಿಲ್ದೋರಿಗೆ ಹೇಳು."

ಮರುದಿನ ಬೆಳಗ್ಗೆ ಹೊರಟೆವು. ಅವಳು ಹಿಂದೆಯೇ ಕೂತಳು. ಪೇಟೆ ಬೀದಿಯ ಮನೆಯ ಜಗಲಿಯ ಮೇಲೆ ಅಮ್ಮೋರು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ಹುಬ್ಬಿನ ಮೇಲೆ ಆ ಹೊಲಿಗೆಯ ಗುರುತು ಬೆಳ್ಳಗೆ ಹಾಗೇ ಇದೆ. ಹೂ ಮಾರುವವಳು ಬುಟ್ಟಿ ಇಳಿಸಿ ಮೊಳ ಹಾಕುತ್ತಿದ್ದಳು. ಒಳಗಿಂದ ಶೇಖರಣ್ಣನ ದನಿ ಕೇಳುತ್ತಿತ್ತು. ಅಕ್ಕ ಮೆಟ್ಟಿಲ ಕೆಳಗೇ ನಿಂತಳು.

"ಅಮ್ಮೋರೆ, ಆವತ್ತು ಅಕ್ಕಂದು ತಪ್ಪಿಲ್ಲ" ಅಂದೆ.

"ಆಂ? ಅಕ್ಕಿ ತಪ್ಪಲೆನಾ? ನಮ್ಗ್ ಬ್ಯಾಡಪ್ಪ, ಪಾತ್ರೆ ಮನೇಲೈತೆ."

ಹೂವಿನವಳು ಕಿಸಕ್ಕೆಂದು ನಕ್ಕಳು. ಹಿಂದೆ ಅಕ್ಕ ನಕ್ಕಳೋ ಇಲ್ಲವೋ ನೋಡುವ ಧೈರ್ಯ ನನಗಿರಲಿಲ್ಲ. ಮತ್ತೆ ಹೇಳಿದೆ. ದನಿ ಮೊದಲಿಗಿಂತ ಸಣ್ಣದಾಯಿತು.

"ಬಾಯಲ್ಲಿ ಏನ್ ಮಡಗಿದೀಯೋ? ಜೋರಾಗ್ ಹೇಳು! ನಂಗ್ ಈಗ ಏನೂ ಕೇಳ್ಸಕಿಲ್ಲ" ಎಂದು ಅಮ್ಮೋರು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದರು. ಶೇಖರಣ್ಣ ಬಾಗಿಲಿಗೆ ಬಂದು ನಿಂತರು.

ಬಸ್‌ಸ್ಟ್ಯಾಂಡಿನಲ್ಲಿ ಗಿರಾಕಿ ಕೂಗುವ ದನಿ ತೆಗೆದೆ. "ನಿಮ್ಮಕ್ಕನ್ನ ಕೆಲಸಕ್ಕೆ ಕಳುಸ್ತೀಯಾ ಅಂತ ಕೇಳುದ್ರಿ ಅಮ್ಮೋರೆ! ನಂಗೆ ಹೊಟ್ಟೆಕಿಚ್ಚು! ಕ್ಲಚ್ ತುಳೀದೆ ಹೂಂ ಅಂದೆ! ನಿಮ್ಗೆ ಕೇಳ್ಲಿಲ್ಲ, ಅಕ್ಕಂಗೆ ಕೇಳ್ತು, ನನ್ ಮಾತ್ ನಂಬಿ ಗೇರ್ ಎಳುದ್ಲು! ಆಸ್ಪತ್ರೇಲಿ ಶೇಖರಣ್ಣಂಗೆ ನಾನ್ ಹೇಳಿದ್ದು ಸುಳ್ಳು!"

ಎದುರು ಅಂಗಡಿಯವರೂ ಹೊರಗೆ ಬಂದಿದ್ದರು. ಅಮ್ಮೋರು ನನ್ನನ್ನು ಬಿಟ್ಟು ಮೆಟ್ಟಿಲ ಕೆಳಗೆ ನಿಂತವಳನ್ನು ನೋಡುತ್ತಿದ್ದರು. ನಾನೂ ತಿರುಗಿದೆ. ಅವಳು ನನ್ನಿಂದ ಎರಡು ಮೊಳ ದೂರದಲ್ಲಿದ್ದಳು, ಮೆಲ್ಲಗೆ ಹೇಳಿದರೂ ಅವಳಿಗೆ ಕೇಳುತ್ತಿತ್ತು. ಆದರೂ ಅದೇ ದನಿಯಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ.

"ನಿನ್ ಕೈ ತಪ್ಪಲಿಲ್ಲ ಕಣಕ್ಕಾ, ನನ್ ಬಾಯಿ ತಪ್ತು! ತಪ್ಪಾಯ್ತು ಕಣಕ್ಕಾ, ನಂದು ತಪ್ಪಾಯ್ತು!"